ಮಿಡ್ಯಿಮ್ ಬೆರಿ ಬೇಕಂತೆ, ಕವಳೆ ಬೇಡವಂತೆ

ಈ ವಾರ ಸೀಬೆ ಸವರೋದರ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಹೋದ ಭಾನುವಾರ ವಿಮಾನಪುರಕ್ಕೆ, ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ಅಲ್ಲಿ ನೋಡಿದ್ದನ್ನ ಬರೆಯದಿದ್ರೆ ನನಗೆ ತಿಂದ ಅನ್ನ ಅರಗೋದಿಲ್ಲ.

ಭಾವ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಗಿಡದ ಹುಚ್ಚು ಹಿಡಿಸಿಕೊಂಡಿದ್ದಾರೆ. ಒಳ್ಳೆ ಹುಚ್ಚೇ, ತಪ್ಪಿಲ್ಲ. ಮಹಡಿ ಮೇಲೆ ನಲವತ್ತು ಕುಂಡ ಇದೆ. ಅದರಲ್ಲಿ ನಾಲ್ಕು ಕುಂಡ ಮಾತ್ರ ಬೇರೆಯಾಗಿ, ನೆರಳು ಪರದೆ ಕಟ್ಟಿ, ಬಾಣಂತಿ ಥರ ನೋಡ್ಕೋತಿದ್ದಾರೆ. ಹತ್ತಿರ ಹೋಗಿ ನೋಡಿದ್ರೆ ಎಲೆ ಹಳದಿ, ನರ ಮಾತ್ರ ಹಸಿರು, ತುದಿ ಸುಟ್ಟಿದೆ. ‘ಏನು ಭಾವ ಇದು’ ಅಂದೆ. ‘ಮಿಡ್ಯಿಮ್ ಬೆರಿ ಕಣಯ್ಯ, ಆಸ್ಟ್ರೇಲಿಯಾದ್ದು. ಒಂದಕ್ಕೆ ಸಾವಿರದ ನಾನೂರು. ನೀನು ರೈತ ಅಲ್ವಾ, ಯಾಕೆ ಹಳದಿ ಆಗಿದೆ ಹೇಳು’ ಅಂದ್ರು. ನಾಲ್ಕು ಗಿಡಕ್ಕೆ ಐದು ಸಾವಿರದ ಆರುನೂರು ರೂಪಾಯಿ! ನಮ್ಮೂರಲ್ಲಿ ಆ ದುಡ್ಡಿಗೆ ಎರಡು ಲೋಡು ಕೊಟ್ಟಿಗೆ ಗೊಬ್ಬರ ಬರ್ತಿತ್ತೋ ಏನೋ.

ಅದಾದ ಮೇಲೆ ಭಾವನ ಟೆರೇಸ್ ತೋಟದ ಗ್ರೂಪಿನಿಂದಲೂ ಮೂರು ಜನ ನನಗೆ ಫೋಟೋ ಕಳಿಸಿದ್ರು. ಇಂದಿರಾನಗರದಿಂದ ಒಬ್ಬರು, ಕೆ.ಆರ್. ಪುರದಿಂದ ಇಬ್ಬರು. ಅದೇ ಗಿಡ, ಅದೇ ಹಳದಿ. ಮಾರಿದವನು ಎಲ್ಲರಿಗೂ ಒಂದೇ ಮಾತು ಹೇಳಿದ್ದಾನೆ: ‘ಎಲ್ಲಿ ಬೇಕಾದ್ರೂ ಬರುತ್ತೆ ಸಾರ್, ಕಾಡುಗಿಡ, ನೀರು ಹಾಕಿದ್ರೆ ಸಾಕು.’ ಈ ‘ಎಲ್ಲಿ ಬೇಕಾದ್ರೂ ಬರುತ್ತೆ’ ಅನ್ನೋ ಮಾತಿನ ಮೇಲೆ ನನಗೆ ನಲವತ್ತು ವರ್ಷದ ಸಿಟ್ಟಿದೆ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಗಿಡಕ್ಕೆ ನ್ಯಾಯ ಮಾಡೋಣ. ಗಿಡದ್ದೇನೂ ತಪ್ಪಿಲ್ಲ. ಮಿಡ್ಯಿಮ್ ಬೆರಿ ಒಳ್ಳೆ ಗಿಡವೇ. ಅದರ ಶಾಸ್ತ್ರೀಯ ಹೆಸರು ಆಸ್ಟ್ರೋಮಿರ್ಟಸ್ ಡಲ್ಸಿಸ್. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ, ಕ್ವೀನ್ಸ್‌ಲ್ಯಾಂಡ್‌ನ ಆಗ್ನೇಯ ಮೂಲೆಯಿಂದ ನ್ಯೂ ಸೌತ್ ವೇಲ್ಸ್‌ನ ಉತ್ತರದವರೆಗೆ, ಸಮುದ್ರದ ಪಕ್ಕದ ಮರಳು ಬಯಲಲ್ಲಿ ಬೆಳೆಯೋ ಕುರುಚಲು ಪೊದೆ. ಮೊಣಕಾಲುದ್ದ, ಹೆಚ್ಚಂದ್ರೆ ಸೊಂಟದುದ್ದ. ಚಿಗುರು ಕೆಂಪಗೆ, ರೇಷ್ಮೆ ಥರ ನುಣುಪು. ಹಣ್ಣು ಬಟಾಣಿಗಿಂತ ಸ್ವಲ್ಪ ದೊಡ್ಡದು, ಬೆಳ್ಳಗಿರುತ್ತೆ, ಮೇಲೆ ಬೂದು ನೇರಳೆ ಚುಕ್ಕೆ. ತಿಂದವರು ಸಿಹಿ, ಸ್ವಲ್ಪ ಶುಂಠಿ ವಾಸನೆ ಅಂತಾರೆ. ಆ ನಾಡಿನ ಮೂಲನಿವಾಸಿಗಳು ಬಿಳಿಯರು ಬರೋದಕ್ಕೆ ಎಷ್ಟೋ ಮೊದಲಿಂದ ತಿಂದುಕೊಂಡು ಬಂದ ಹಣ್ಣು. ಮಿಡ್ಯಿಮ್ ಅನ್ನೋ ಹೆಸರೂ ಅವರದೇ.

ನೆಂಟಸ್ತಿಕೆ ನೋಡಿದ್ರೆ ನಮಗೂ ಹತ್ತಿರದ್ದೇ. ನಮ್ಮ ನೇರಳೆ, ಪನ್ನೇರಳೆ, ಅಮೆರಿಕಾದಿಂದ ಬಂದು ನಮ್ಮದೇ ಆಗಿಹೋದ ಸೀಬೆ, ರಸ್ತೆ ಬದಿಯ ಬಾಟಲ್ ಬ್ರಷ್, ಕೊನೆಗೆ ಆ ನೀಲಗಿರಿ, ಇವೆಲ್ಲ ಒಂದೇ ಕುಟುಂಬ. ಮಿಡ್ಯಿಮ್ ಎಲೆ ಹಿಸುಕಿ ಬೆಳಕಿಗೆ ಹಿಡಿದ್ರೆ ಸೀಬೆ ಎಲೆಯಲ್ಲಿರೋ ಹಾಗೇ ಸಣ್ಣ ಸಣ್ಣ ಎಣ್ಣೆ ಚುಕ್ಕೆ ಕಾಣುತ್ತೆ.

ಹಾಗಾದ್ರೆ ವಿಮಾನಪುರದಲ್ಲಿ ಯಾಕೆ ಸಾಯ್ತಿದೆ? ಅದು ಹುಟ್ಟಿದ ಮಣ್ಣು ನೋಡಿ. ಬರೀ ಮರಳು. ಹುಳಿ ಮಣ್ಣು. ರಂಜಕ ಇಲ್ಲ ಅನ್ನೋಷ್ಟು ಕಡಿಮೆ. ನೀರು ಅಂದ್ರೆ ಮಳೆ ನೀರು ಮಾತ್ರ, ಬಿದ್ದಿದ್ದು ನಿಲ್ಲದೆ ಇಳಿದುಹೋಗಬೇಕು. ಅಂಥ ಬಡ ಮಣ್ಣಿನಲ್ಲಿ ಬದುಕೋದನ್ನ ಸಾವಿರಾರು ವರ್ಷ ಕಲಿತ ಗಿಡ ಅದು. ನಮ್ಮ ಭಾವ ಏನು ಕೊಟ್ರು? ಕೆಂಪು ಮಣ್ಣು, ಎರೆಗೊಬ್ಬರ, ಬೇವಿನ ಹಿಂಡಿ, ಮೂಳೆ ಪುಡಿ, ಮೇಲಿಂದ ಒಂದು ಚಮಚ ಡಿಎಪಿ. ದಿನಾ ಬೋರ್‌ವೆಲ್ ನೀರು. ಅಕ್ಕನ ಮನೆ ಬಕೆಟ್ಟಿನ ಒಳಗೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ ಕಟ್ಟಿರುತ್ತೆ, ಅಂಥ ಗಡಸು ನೀರು. ನನ್ನ ಹತ್ರ ಇರೋ ಪಿಎಚ್ ಕಡ್ಡಿ ಅದ್ದಿ ನೋಡಿದೆ. ಎಂಟರ ಮೇಲೆ. ಅಂಥ ನೀರು ಹಾಕ್ತಾ ಹಾಕ್ತಾ ಮಣ್ಣಲ್ಲಿ ಕಬ್ಬಿಣ ಇದ್ರೂ ಬೇರಿಗೆ ಸಿಗೋದಿಲ್ಲ. ಎಳೆ ಎಲೆ ಹಳದಿ, ನರ ಹಸಿರು ಅಂದ್ರೆ ಅದೇ ಲಕ್ಷಣ. ಗಿಡ ಹಸಿದಿದೆ ಅಂತ ಭಾವ ಇನ್ನೂ ಗೊಬ್ಬರ ಹಾಕಿದ್ರು. ಪ್ರೀತಿಯಿಂದಲೇ ಕೊಂದರು ಅನ್ನಬೇಕು.

ಬೆಳೆಯೋಕೆ ಆಗೋದೇ ಇಲ್ಲ ಅಂತ ನಾನು ಹೇಳೋದಿಲ್ಲ, ಸುಳ್ಳಾಗುತ್ತೆ. ಈಗಾಗಲೇ ತಂದು ಬಿಟ್ಟಿದ್ದೀರಿ ಅನ್ನೋರಿಗೆ: ದಪ್ಪ ಮರಳು ಮುಕ್ಕಾಲು ಪಾಲು, ತೊಳೆದ ಕೋಕೋಪೀಟ್ ಮತ್ತೆ ಕೊಳೆತ ಎಲೆ ಕಾಲು ಪಾಲು. ತಳದಲ್ಲಿ ತೂತು ಚೆನ್ನಾಗಿರಲಿ. ಮಳೆ ನೀರು ಹಿಡಿದಿಟ್ಟು ಅದನ್ನೇ ಹಾಕಿ. ಮೂಳೆ ಪುಡಿ, ಡಿಎಪಿ, ಸೂಪರ್ ಫಾಸ್ಫೇಟ್ ಹತ್ತಿರ ಸುಳಿಸಬೇಡಿ. ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದ ನೆರಳು ಬೇಕು. ಇಷ್ಟು ಮಾಡಿದ್ರೆ ಬದುಕಬಹುದು, ಒಂದು ಹಿಡಿ ಹಣ್ಣೂ ಬಿಡಬಹುದು. ಆದ್ರೆ ಬೆಂಗಳೂರಲ್ಲಿ ಕುಡಿಯೋಕೆ ನೀರಿಲ್ಲದ ತಿಂಗಳಲ್ಲಿ ಒಂದು ಹಿಡಿ ಹಣ್ಣಿಗೋಸ್ಕರ ಮಳೆ ನೀರು ಕೂಡಿಡೋದು ನಿಮ್ಮ ಇಷ್ಟ.

ನನ್ನ ತಕರಾರು ಗಿಡ ಸಾಯೋದರ ಬಗ್ಗೆ ಅಲ್ಲ. ಅದು ಬಂದ ದಾರಿಯ ಬಗ್ಗೆ.

ಭಾವನ್ನ ಕೇಳಿದೆ, ‘ಇದು ಇಲ್ಲಿಗೆ ಹೇಗೆ ಬಂತು?’ ‘ಯಾರೋ ಬೇರು ಸಮೇತ ಬ್ಯಾಗಲ್ಲಿ ತಂದು ಇಲ್ಲಿ ಮರಿ ಮಾಡಿದ್ರಂತೆ’ ಅಂತ ನಗ್ತಾ ಹೇಳಿದ್ರು, ದೊಡ್ಡ ಸಾಹಸ ಅನ್ನೋ ಥರ. ನಿಜವೋ ಸುಳ್ಳೋ ಆ ಮಾರಿದವನಿಗೇ ಗೊತ್ತು. ಅದು ಮಿಡ್ಯಿಮ್ಮೇ ಹೌದೋ ಅಲ್ಲವೋ ಅನ್ನೋದೂ ಹೂ ಬಿಟ್ಟ ಮೇಲೇ ಗೊತ್ತಾಗಬೇಕು. ಆದ್ರೆ ಹೊರದೇಶದ ಗಿಡ, ಬೀಜ ತರೋದಕ್ಕೆ ನಮ್ಮಲ್ಲಿ 1914ರಿಂದ ಕಾಯ್ದೆ ಇದೆ, 2003ರ ಸಸ್ಯ ಕ್ವಾರಂಟೈನ್ ಆದೇಶ ಇದೆ. ಪರವಾನಗಿ ಬೇಕು, ಕಳಿಸೋ ದೇಶದ ಆರೋಗ್ಯ ಪ್ರಮಾಣಪತ್ರ ಬೇಕು. ಇದು ಕಾಗದದ ಕಿರಿಕಿರಿ ಅಂತ ಪೇಟೆಯವರು ಅಂದುಕೊಂಡಿದ್ದೀರಿ. ನಮಗದು ಹೊಟ್ಟೆಪಾಡು.

ಲೆಕ್ಕ ಕೇಳಿ. ಪಪ್ಪಾಯ ಹಿಟ್ಟು ತಿಗಣೆ ಅಮೆರಿಕಾ ಖಂಡದ ಹುಳ. 2008ರಲ್ಲಿ ಕೊಯಮತ್ತೂರಲ್ಲಿ ಕಾಣಿಸಿಕೊಂಡಿತು. ಎರಡು ವರ್ಷದಲ್ಲಿ ನಮ್ಮ ಕಡೆಗೂ ಬಂತು. ನನ್ನ ಅರ್ಧ ಎಕರೆ ಪಪ್ಪಾಯ ಹತ್ತಿ ಮೆತ್ತಿದ ಹಾಗೆ ಬೆಳ್ಳಗಾಗಿ ನಿಂತಿತ್ತು. ಹಿಪ್ಪುನೇರಳೆಗೂ ಹತ್ತಿ ರೇಷ್ಮೆಯವರು ತಲೆ ಮೇಲೆ ಕೈ ಹೊತ್ತರು. ಯಾವ ಔಷಧಿ ಹೊಡೆದ್ರೂ ಬಗ್ಗಲಿಲ್ಲ. ಕೊನೆಗೆ 2010ರಲ್ಲಿ ಪೋರ್ಟೊ ರಿಕೊದಿಂದ ಸಾಸಿವೆಗಿಂತ ಸಣ್ಣ ಒಂದು ಪರಾವಲಂಬಿ ಕಣಜ ತರಿಸಿ, ನಮ್ಮ ಬೆಂಗಳೂರಿನ ಹೆಬ್ಬಾಳದ ಕೀಟ ಸಂಸ್ಥೆಯವರು ಮರಿ ಮಾಡಿಸಿ ಬಿಟ್ಟ ಮೇಲೆ ಹುಳ ಹತೋಟಿಗೆ ಬಂತು. ಆ ವಿಜ್ಞಾನಿಗಳಿಗೆ ಇವತ್ತಿಗೂ ಕೈ ಮುಗೀತೀನಿ. ಗಮನಿಸಿ, ಅವರೂ ಹೊರಗಿನಿಂದಲೇ ತಂದರು. ಆದ್ರೆ ಹೇಳಿ ಕೇಳಿ, ಪರೀಕ್ಷೆ ಮಾಡಿ ತಂದರು. ಬ್ಯಾಗಲ್ಲಿ ಬಚ್ಚಿಟ್ಟು ತರಲಿಲ್ಲ.

ಆಸ್ಟ್ರೇಲಿಯಾದ್ದೇ ಉದಾಹರಣೆ ಬೇಕಾ? 1928ರಲ್ಲಿ ನೀಲಗಿರಿ ಬೆಟ್ಟದಲ್ಲಿ ಅಲ್ಲಿಯ ಬಿಳಿ ಹತ್ತಿ ಥರದ ಶಲ್ಕ ಕೀಟ ಸಿಕ್ಕಿತು. ಸಿಕ್ಕಿದ್ದು ವ್ಯಾಟಲ್ ಮರದ ಮೇಲೆ, ಅದೂ ಆಸ್ಟ್ರೇಲಿಯಾದ್ದೇ ಮರ. ಅದನ್ನ ತಿನ್ನೋ ಗುಲಗಂಜಿ ಹುಳ ತರಿಸಿಯೇ ನಿಲ್ಲಿಸಬೇಕಾಯ್ತು. ಇನ್ನು ಈಚಿನದು ತುಕ್ಕು ರೋಗ. ದಕ್ಷಿಣ ಅಮೆರಿಕಾದ ಶಿಲೀಂಧ್ರ, 2010ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾಣಿಸಿತು. ಅದು ಹಿಡಿಯೋದು ಇದೇ ಸೀಬೆ ನೇರಳೆ ಕುಟುಂಬವನ್ನ. ಅಲ್ಲಿಯ ಕಾಡುಸೀಬೆ ಅನ್ನೋ ಮರ ಇವತ್ತು ಅಳಿವಿನ ಅಂಚಿಗೆ ಬಂದಿದೆ. ಜಗತ್ತಲ್ಲೇ ಅತಿ ಕಟ್ಟುನಿಟ್ಟಿನ ತಪಾಸಣೆ ಇರೋ ದೇಶ ಅದು. ವಿಮಾನದಲ್ಲಿ ಒಂದು ಸೇಬು ಮರೆತು ತಂದ್ರೂ ದಂಡ ಹಾಕ್ತಾರೆ. ಅವರಿಗೇ ತಡೆಯೋಕೆ ಆಗಲಿಲ್ಲ. ಅದೇ ಕುಟುಂಬದ ಗಿಡವನ್ನ ನೀವು ಮಣ್ಣು ಸಮೇತ ತಂದು ಮಹಡಿ ಮೇಲಿಡ್ತೀರಿ, ಅಲ್ಲಿಂದ ನನ್ನ ಸೀಬೆ ತೋಟಕ್ಕೆ ಗಾಳಿಗೆ ಎಷ್ಟು ಹೊತ್ತು ಬೇಕು? ಶಿಲೀಂಧ್ರದ ಬೀಜಕ್ಕೆ ಟೋಲ್ ಗೇಟ್ ಇಲ್ಲ ಸ್ವಾಮಿ.

‘ಒಂದೆರಡು ಕುಂಡದ ಗಿಡದಿಂದ ಏನಾಗುತ್ತೆ’ ಅಂತ ಗ್ರೂಪಲ್ಲಿ ಒಬ್ಬರು ಕೇಳಿದ್ರು. ಏನೂ ಆಗದೇ ಇರಬಹುದು. ಆದ್ರೆ ನೀಲಗಿರಿಯೂ ಹಾಗೇ ಬಂದದ್ದು. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನಂದಿ ಬೆಟ್ಟದ ಅರಮನೆ ತೋಟದಲ್ಲಿ ಹಾಕಿಸಿದ್ದು. ತೋಟದ ಶೋಕಿಗೆ ಬಂದ ಮರ, ಆಮೇಲೆ ಅದಕ್ಕೆ ‘ಮೈಸೂರ್ ಗಮ್’ ಅಂತಲೇ ಹೆಸರಾಯ್ತು. ನೂರೆಂಬತ್ತು ಇನ್ನೂರು ವರ್ಷ ಆದ ಮೇಲೆ ‘ಎಲ್ಲಿ ಬೇಕಾದ್ರೂ ಬರುತ್ತೆ’ ಅಂತ ಹೇಳಿ ರಾಗಿ ಹೊಲಕ್ಕೆ, ಗೋಮಾಳಕ್ಕೆ ತುಂಬಿದರು. 1983ರಲ್ಲಿ ತುಮಕೂರು ಕಡೆ ರೈತರು ಅರಣ್ಯ ಇಲಾಖೆ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿದ್ರು. 1987ರಲ್ಲಿ ಧಾರವಾಡ ಜಿಲ್ಲೆಯ ಕುಸನೂರಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವೇ ನಡೀತು. ಸರ್ಕಾರ ಹೊಸದಾಗಿ ನೀಲಗಿರಿ ಹಾಕಬಾರದು ಅಂತ ಆದೇಶ ಮಾಡಿದ್ದು 2017ರಲ್ಲಿ.

ನಾನೇನು ಸಾಚಾ ಅಲ್ಲ. ನಂದಗುಡಿ ಕಡೆ ನಮ್ಮ ಎರಡು ಎಕರೆಯಲ್ಲೂ ಅಪ್ಪ ನೀಲಗಿರಿ ಹಾಕಿದ್ರು. ಆಗ ನಾನು ಹೈಸ್ಕೂಲು. ಗುಂಡಿ ತೆಗೆದವನು ನಾನೇ, ಗುಂಡಿಗೆ ನಾಲ್ಕಾಣೆ ಲೆಕ್ಕ. ಸಸಿ ಕೊಟ್ಟವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಎಲ್ಲಿ ಬೇಕಾದ್ರೂ ಬರುತ್ತೆ ಗೌಡ್ರೇ, ನೀರು ಬೇಡ, ಕಾವಲು ಬೇಡ, ದನ ಮುಟ್ಟೋದಿಲ್ಲ.’ ದನ ಮುಟ್ಟದ ಗಿಡ ಒಳ್ಳೇದು ಅಂತ ರೈತನಿಗೆ ಹೇಳಿದ ಕಾಲ ಅದು. ಮೂರು ಕೊಯ್ಲು ದುಡ್ಡು ಬಂತು, ಸುಳ್ಳು ಹೇಳೋದಿಲ್ಲ, ದೊಡ್ಡಕ್ಕನ ಮದುವೆ ಅದರಲ್ಲೇ ಆಯ್ತು. ಅದೇ ಅಕ್ಕ ಈಗ ವಿಮಾನಪುರದಲ್ಲಿರೋದು. ಆಮೇಲೆ ಆ ಬೊಡ್ಡೆ ಕೀಳಿಸೋಕೆ ಜೆಸಿಬಿಗೆ ಕೊಟ್ಟಿದ್ದು ಬಂದಿದ್ದಕ್ಕಿಂತ ಹೆಚ್ಚಾಯ್ತು ಅನ್ನಿಸುತ್ತೆ. ಮೊದಲ ಎರಡು ವರ್ಷ ರಾಗಿ ಮೊಣಕಾಲು ಮೇಲೇಳಲಿಲ್ಲ.

ಆ ಎರಡು ಎಕರೆಯ ಬದುವಿನಲ್ಲಿ, ಪಕ್ಕದ ಗೋಮಾಳದಲ್ಲಿ ಅದಕ್ಕೆ ಮುಂಚೆ ಏನಿತ್ತು? ಕವಳೆ ಇತ್ತು. ಕಾರೆ, ಎಲಚಿ, ಸೂರಿ, ಜಾನೆ ಹಣ್ಣು, ಬಂದರೆ, ತಂಗಡಿ. ಅಂದ್ರೆ ನಮ್ಮದೇ ಕುರುಚಲು ಬಯಲು. ಆಸ್ಟ್ರೇಲಿಯಾದವರು ಯಾವ ಬಯಲನ್ನ ‘ನಮ್ಮ ಹೀತ್’ ಅಂತ ಹೆಮ್ಮೆಯಿಂದ ಕಾಯ್ಕೊಂಡಿದ್ದಾರೋ ಅಂಥದ್ದೇ ಒಂದು. ನಮ್ಮ ಕಂದಾಯ ದಾಖಲೆಯಲ್ಲಿ ಅದಕ್ಕೆ ‘ಪಾಳು’ ಅಂತ ಹೆಸರು. ಪಾಳು ಅಂದ ಮೇಲೆ ಯಾರು ಬೇಕಾದ್ರೂ ಏನು ಬೇಕಾದ್ರೂ ಮಾಡಬಹುದಲ್ಲ, ಮೊದಲು ನೀಲಗಿರಿ, ಆಮೇಲೆ ಲೇಔಟು.

ಈಗ ಕವಳೆ ವಿಷಯಕ್ಕೆ ಬರ್ತೀನಿ. ಮಲೆನಾಡಿನವರು ಕೌಳಿ ಅಂತಾರೆ, ನಮ್ಮ ಗಡಿ ಕಡೆ ತೆಲುಗಿನವರು ಕಲಿವಿ ಅಂತಾರೆ. ಕಡಪ ಕಡೆ ಈ ಪೊದೆಗಳ ನಡುವೆ ಓಡಾಡೋ ಒಂದು ಹಕ್ಕಿಗೆ ‘ಕಲಿವಿ ಕೋಡಿ’ ಅಂತಲೇ ಹೆಸರು. ಅಳಿದೇಹೋಯ್ತು ಅಂದುಕೊಂಡಿದ್ದ ಹಕ್ಕಿ 1986ರಲ್ಲಿ ಮತ್ತೆ ಸಿಕ್ಕಿತು. ಇರಲಿ, ಹಕ್ಕಿ ಕಥೆ ಇನ್ನೊಂದು ದಿನ. ನಮ್ಮ ಗುಡ್ಡದ ಸಣ್ಣ ಕವಳೆಗೆ ಸಸ್ಯಶಾಸ್ತ್ರದಲ್ಲಿ ಕ್ಯಾರಿಸ್ಸಾ ಸ್ಪೈನಾರಮ್ ಅಂತ ಹೆಸರು. ಇದು ಆಫ್ರಿಕಾದಿಂದ ಹಿಡಿದು ನಮ್ಮ ದೇಶ ದಾಟಿ ಎಲ್ಲಿಯವರೆಗೆ ಸಹಜವಾಗಿ ಬೆಳೆಯುತ್ತೆ ಗೊತ್ತಾ? ಆಸ್ಟ್ರೇಲಿಯಾದವರೆಗೆ! ಅಲ್ಲಿ ಅದಕ್ಕೆ ಕಾಂಕರ್‌ಬೆರಿ ಅಂತಾರೆ. ಮೊದಲು ಬೇರೆ ಬೇರೆ ಹೆಸರಿಟ್ಟಿದ್ರು, ಈಗ ಬಹಳಷ್ಟು ಸಸ್ಯಶಾಸ್ತ್ರಜ್ಞರು ಎಲ್ಲ ಒಂದೇ ಜಾತಿ ಅಂತ ಸೇರಿಸಿದ್ದಾರೆ. ಅಲ್ಲಿಯ ಮೂಲನಿವಾಸಿಗಳು ನಮ್ಮ ಹುಡುಗರ ಹಾಗೇ ಮುಳ್ಳು ಚುಚ್ಚಿಸಿಕೊಂಡು ಅದನ್ನ ಕಿತ್ತು ತಿಂತಾರೆ. ಬಂದರೆ ಗಿಡವೂ ಅಷ್ಟೇ, ಅಲ್ಲಿಯೂ ಸ್ವಂತ ಗಿಡವೇ, ಇಲ್ಲಿಯೂ ಸ್ವಂತ ಗಿಡವೇ.

ಅಂದ್ರೆ ಭಾವ, ತಿನ್ನೋ ಹಣ್ಣು ಬಿಡೋ ಆಸ್ಟ್ರೇಲಿಯಾದ ಕುರುಚಲು ಪೊದೆಯೇ ನಿಮಗೆ ಬೇಕು ಅನ್ನೋದಾದ್ರೆ, ಅದು ಹೊಸಕೋಟೆ ಗುಡ್ಡದಲ್ಲಿ ಪುಕ್ಕಟೆ ಇದೆ. ಪಾಸ್‌ಪೋರ್ಟ್ ಬೇಡ.

ಇಷ್ಟು ಬರೆದಿದ್ದಕ್ಕೆ ‘ನೀವು ಬೆಳೆಯೋ ಸೀಬೆ ಯಾವ ಸ್ವದೇಶಿ, ಮೆಣಸಿನಕಾಯಿ ಯಾವ ಸ್ವದೇಶಿ’ ಅಂತ ಒಬ್ಬರು ಬಂದೇ ಬರ್ತಾರೆ. ಒಪ್ಪಿದೆ. ನಾನು ಸ್ವದೇಶಿ ಭಜನೆ ಮಾಡೋನಲ್ಲ. ಸೀಬೆ, ಪಪ್ಪಾಯ, ಟೊಮೇಟೊ, ಎಲ್ಲ ಹೊರಗಿಂದ ಬಂದು ನನಗೆ ಅನ್ನ ಹಾಕಿವೆ. ನನ್ನ ಸಿಟ್ಟು ಗಿಡದ ಊರಿನ ಮೇಲಲ್ಲ. ಮಣ್ಣು ನೋಡದೆ ಗಿಡ ಮಾರೋನ ಮೇಲೆ, ಮಣ್ಣು ಕೇಳದೆ ಗಿಡ ಕೊಳ್ಳೋರ ಮೇಲೆ. ಇನ್ನೊಂದು ಹೊಟ್ಟೆ ಉರಿ ಇದೆ. ಆಸ್ಟ್ರೇಲಿಯಾದವರು ಮಿಡ್ಯಿಮ್ ಬೆರಿಗೆ ಮಾಡಿದ್ದೇನು? ಮರಳು ದಿಬ್ಬದ ಕಾಡುಪೊದೆಯನ್ನ ನರ್ಸರಿಗೆ ತಂದು, ಮರಿ ಮಾಡಿ, ಮನೆ ಮುಂದೆ, ರಸ್ತೆ ಪಕ್ಕ, ಕುಂಡದಲ್ಲಿ ಬೆಳೆಸಿ, ಮಕ್ಕಳ ಕೈಗೆ ಹಣ್ಣು ಕೊಟ್ರು. ನೀವು ಅವರ ಗಿಡ ತಂದ್ರಿ, ಆ ಬುದ್ಧಿ ಅಲ್ಲೇ ಬಿಟ್ಟು ಬಂದ್ರಿ.

ವಿಮಾನಪುರದಿಂದ ಮಾರತ್ತಹಳ್ಳಿವರೆಗೆ ಒಂದು ಸುತ್ತು ಹಾಕಿ. ಬೇಲಿಗೆ ಡುರಾಂಟ, ಸಿಮೆಂಟು ತೊಟ್ಟಿಯಲ್ಲಿ ಫೈಕಸ್ಸು. ಒಂದು ಕವಳೆ ತೋರಿಸಿ. ಹಣ್ಣಿನ ಕಾಲದಲ್ಲಿ ಸಂತೆಗೆ ಅಜ್ಜಿ ಒಬ್ಬರು ಮಂಕರಿಯಲ್ಲಿ ತಂದು ಪಾವಲ್ಲಿ ಅಳೆದು ಕೊಡೋರು. ಈಗ ಆ ಅಜ್ಜಿಯೂ ಇಲ್ಲ, ಗೋಮಾಳವೂ ಇಲ್ಲ. ಆದ್ರೆ ಕವಳೆ ನಿಮಗೆ ಗೊತ್ತಿಲ್ಲದೇ ತಿಂತಿದ್ದೀರಿ. ಬೇಕರಿ ಕೇಕಿನ ಮೇಲೆ ಕೆಂಪಗೆ ಕೂತಿರುತ್ತಲ್ಲ ಚೆರ್ರಿ, ಅದು ಬಹುಪಾಲು ಚೆರ್ರಿ ಅಲ್ಲ, ದೊಡ್ಡ ಕವಳೆಕಾಯಿಗೆ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ್ದು. ಸ್ವಂತ ಹೆಸರಲ್ಲಿ ಬಂದ್ರೆ ನಾವು ಕಾಸು ಕೊಡೋದಿಲ್ಲ.

ಬೆಳೆಯೋ ರೀತಿ ಹೇಳಿಬಿಡ್ತೀನಿ. ಹಣ್ಣು ಮೇ ಕೊನೆಯಿಂದ ಮಳೆಗಾಲದ ಶುರುವಿನವರೆಗೆ ಸಿಗುತ್ತೆ. ಪೂರಾ ಕಪ್ಪಾದ ಹಣ್ಣು ತಿಂದು ಬೀಜ ತೊಳೆದು ಅದೇ ವಾರ ಹಾಕಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಹಾಕ್ತೀನಿ ಅಂದ್ರೆ ಹುಟ್ಟೋದಿಲ್ಲ, ನಾನು ಎರಡು ಸಲ ಹಾಗೆ ಕಳ್ಕೊಂಡಿದ್ದೀನಿ. ಮೂರು ನಾಲ್ಕು ವಾರಕ್ಕೆ ಮೊಳಕೆ ಬರುತ್ತೆ. ಕಡ್ಡಿ ಸುಲಭಕ್ಕೆ ಬೇರು ಬಿಡೋದಿಲ್ಲ, ಗೂಟಿ ಕಟ್ಟಿದ್ರೆ ಬರುತ್ತೆ. ನಮ್ಮ ಗರಸು ಕೆಂಪು ಮಣ್ಣೇ ಸಾಕು, ಗಡಸು ನೀರಿಗೂ ಬೇಜಾರಿಲ್ಲ. ಮೊದಲ ಬೇಸಿಗೆ ಮಾತ್ರ ವಾರಕ್ಕೊಂದು ಸಲ ನೀರು ಕೊಡಿ. ಬೇಲಿಗೆ ಅಂದ್ರೆ ಎರಡೂವರೆ ಅಡಿಗೊಂದು. ಕುಂಡದಲ್ಲಾದ್ರೆ ದೊಡ್ಡದೇ ಇರಲಿ, ಹಣ್ಣು ಮುಗಿದ ಮೇಲೆ ಸವರಿ. ಮೂರನೇ ವರ್ಷ ಮಲ್ಲಿಗೆ ಥರದ ಹೂವು, ಮಲ್ಲಿಗೆ ಥರದ್ದೇ ವಾಸನೆ, ಆಮೇಲೆ ಕಾಯಿ. ಉಪ್ಪಿನಕಾಯಿಗೆ ದೊಡ್ಡ ಕಾಯಿ ಬೇಕು ಅನ್ನೋರಿಗೆ ದಾಪೋಲಿ ವಿಶ್ವವಿದ್ಯಾಲಯದ ‘ಕೊಂಕಣ್ ಬೋಲ್ಡ್’, ಪಂತನಗರದ ‘ಪಂತ್ ಮನೋಹರ್’, ‘ಪಂತ್ ಸುದರ್ಶನ್’ ತಳಿಗಳಿವೆ. ಅವು ದೊಡ್ಡ ಕವಳೆ, ಬೇರೆ ಜಾತಿ. ಕಿತ್ತು ಬಾಯಿಗೆ ಹಾಕ್ಕೊಳ್ಳೋಕೆ ಗುಡ್ಡದ್ದೇ ರುಚಿ. ಮುಳ್ಳಿದೆ, ಹೌದು. ಕಾಯಿ ಕಿತ್ರೆ ಹಾಲು ಬಂದು ತುಟಿ ಅಂಟುತ್ತೆ, ಅದೂ ಹೌದು.

ಭಾವನಿಗೆ ಇದೆಲ್ಲ ಹೇಳಿದೆ. ಅರ್ಧ ಮುನಿಸು. ‘ಕವಳೆ ಅಂತ ಹೇಳಿದ್ರೆ ಗ್ರೂಪಲ್ಲಿ ಯಾರು ಲೈಕ್ ಮಾಡ್ತಾರಯ್ಯ’ ಅಂದ್ರು. ಅಕ್ಕ ಒಳಗಿಂದಲೇ, ‘ಕಾಂಕರ್‌ಬೆರಿ ಅಂತ ಚೀಟಿ ಅಂಟಿಸ್ರಿ, ಮಾಡ್ತಾರೆ’ ಅಂದ್ಲು. ಮುಂದಿನ ಭಾನುವಾರ ನಾಲ್ಕು ಸಸಿ ತಗೊಂಡು ಹೋಗ್ತಿದ್ದೀನಿ. ಇನ್ನೂ ಹದಿನೈದು ಇಪ್ಪತ್ತು ಪ್ಯಾಕೆಟ್ಟು ನನ್ನ ಹತ್ರ ಇವೆ. ದುಡ್ಡು ಬೇಡ, ಬರೋವಾಗ ಮನೆಯಲ್ಲಿರೋ ಖಾಲಿ ಹಾಲಿನ ಕವರು ತೊಳೆದು ತನ್ನಿ, ಮುಂದಿನ ಬೀಜ ಹಾಕೋಕೆ ಬೇಕು.